ಮಂಡ್ಯದಲ್ಲಿ ಮಳೆಯಿಲ್ಲ, ಆದರೂ ಕನ್ನಂಬಾಡಿ ಕಟ್ಟೆ ತುಂಬುವುದು ಹೇಗೆ?

ಓದುಗರ ಪ್ರಶ್ನೆ: ಜುಲೈನಲ್ಲಿ ಮೈಸೂರು, ಮಂಡ್ಯದ ಕಡೆ ಬರೀ ಮೋಡ, ಗಾಳಿ, ಸೋನೆ. ಆದರೂ ಕೆಆರ್‌ಎಸ್ ಮಟ್ಟ ಏರುತ್ತಲೇ ಇರುತ್ತದೆ. ಕೆಲವು ಸಲ ಕೇರಳದಲ್ಲಿ ಭಾರೀ ಮಳೆ ಎಂದು ಸುದ್ದಿ ಬಂದರೂ ಕಟ್ಟೆಗೆ ನೀರು ಬರುವುದಿಲ್ಲ. ಯಾಕೆ ಹೀಗೆ?

ಉತ್ತರ: ಎರಡಕ್ಕೂ ಕಾರಣ ಪಶ್ಚಿಮ ಘಟ್ಟ. ತಪತಿ ನದಿಯ ಕಡೆಯಿಂದ ಕನ್ಯಾಕುಮಾರಿವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಅರಬ್ಬಿ ಸಮುದ್ರಕ್ಕೆ ಸಮಾನಾಂತರವಾಗಿ ನಿಂತ ಈ ಸಾಲು ಮುಂಗಾರು ಗಾಳಿಗೆ ಅಡ್ಡವಾಗಿದೆ. ನೈರುತ್ಯದಿಂದ ಬರುವ ತೇವದ ಗಾಳಿ ಕರಾವಳಿ ದಾಟಿದ ಕೂಡಲೇ ಕಡಿದಾದ ಘಟ್ಟವನ್ನು ಹತ್ತಬೇಕು. ಮೇಲೇರಿದಂತೆ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ತೇವ ಹಿಡಿದಿಡುವ ಶಕ್ತಿ ಕುಗ್ಗಿ ಮಳೆ ಸುರಿಯುತ್ತದೆ. ಕೊಡಗಿನಲ್ಲಿ ತಡಿಯಂಡಮೋಳ್ 1,748 ಮೀಟರ್ ಎತ್ತರವಿದೆ. ಮೈಸೂರು ಇರುವುದು ಸುಮಾರು 770 ಮೀಟರ್‌ನಲ್ಲಿ. ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರುವ ಮಳೆ ಮಡಿಕೇರಿಯಲ್ಲಿ 3,000ದ ಆಸುಪಾಸಿಗೆ ಬರುತ್ತದೆ. ಮೈಸೂರಿನಲ್ಲಿ 800ರ ಸುಮಾರು, ಮಂಡ್ಯದಲ್ಲಿ 700. ಮಡಿಕೇರಿಯಿಂದ ಹುಣಸೂರಿನ ಕಡೆಗೆ ಬಸ್ಸಿನಲ್ಲಿ ಇಳಿದು ಬಂದರೆ ಕಣ್ಣಿಗೇ ಕಾಣುತ್ತದೆ: ಏಲಕ್ಕಿ, ಕಾಫಿ ಮುಗಿದು ಕುರುಚಲು ಕಾಡು, ಹೊಗೆಸೊಪ್ಪು, ರಾಗಿ ಹೊಲ ಶುರುವಾಗುತ್ತವೆ.

ಹಾಗಾಗಿ ಜುಲೈ–ಆಗಸ್ಟ್‌ನ ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಕೊಡಗಿಗೆ ಬಲ, ನಮಗೆ ಅಷ್ಟಕ್ಕಷ್ಟೆ. ನಮ್ಮ ಸೀಮೆಯ ದೊಡ್ಡ ಮಳೆ ಎರಡು ಹೊತ್ತಿನಲ್ಲಿ ಬರುತ್ತದೆ: ಮೇ ತಿಂಗಳ ಗುಡುಗು ಮಳೆ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನ ಹಸ್ತ, ಚಿತ್ತಾ ಮಳೆ. ಇವು ಘಟ್ಟ ಹತ್ತುವ ಗಾಳಿಯನ್ನು ನಂಬಿದವಲ್ಲ. ರಾಗಿ ಬೆಳೆಯುವವರ ಲೆಕ್ಕಾಚಾರ ಇವುಗಳ ಮೇಲೆ ನಿಂತಿದ್ದರೆ, ನಾಲೆಯ ಭತ್ತದ ಲೆಕ್ಕಾಚಾರ ಘಟ್ಟದ ಮೇಲೆ ನಿಂತಿದೆ.

ಇನ್ನು ಯಾವ ಮಳೆ ಕಟ್ಟೆಗೆ ಬರುತ್ತದೆ ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ. ಕಟ್ಟೆಗೆ ಮೂರು ಹೊಳೆಗಳ ನೀರು. ತಲಕಾವೇರಿಯಿಂದ ಬರುವ ಕಾವೇರಿ, ಇದಕ್ಕೆ ಹಾರಂಗಿ ಸೇರಿಕೊಳ್ಳುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರ, ಗೊರೂರು ಹಾದು ಕೆ.ಆರ್. ಪೇಟೆ ಕಡೆಯಿಂದ ಬರುವ ಹೇಮಾವತಿ. ದಕ್ಷಿಣ ಕೊಡಗಿನ ಬ್ರಹ್ಮಗಿರಿಯಿಂದ ಇರ್ಪು, ಹುಣಸೂರು ದಾಟಿ ಬರುವ ಲಕ್ಷ್ಮಣತೀರ್ಥ. ವಯನಾಡಿನ ಮಳೆ ಕಬಿನಿಗೆ ಹೋಗುತ್ತದೆ. ಕಬಿನಿ ಕಾವೇರಿಯನ್ನು ಕೂಡುವುದು ತಿ. ನರಸೀಪುರದಲ್ಲಿ, ಅಂದರೆ ಕಟ್ಟೆಯಿಂದ ಕೆಳಗೆ. ಅದಕ್ಕೇ ಕೇರಳದ ಮಳೆ ಸುದ್ದಿ ಕೇಳಿ ಕೆಆರ್‌ಎಸ್ ಕಡೆ ನೋಡಿ ಫಲವಿಲ್ಲ. ಘಟ್ಟದ ನೆತ್ತಿಯಿಂದ ಪಶ್ಚಿಮಕ್ಕೆ ಬಿದ್ದದ್ದೂ ನಮ್ಮದಲ್ಲ: ಪುಷ್ಪಗಿರಿಯ ಆಚೆ ಬದಿಯದು ಕುಮಾರಧಾರಾ, ಸಂಪಾಜೆಯದು ಪಯಸ್ವಿನಿ, ಎರಡೂ ಅರಬ್ಬಿ ಸಮುದ್ರದ ಪಾಲು. ಇನ್ನು ಮದ್ದೂರಿನಲ್ಲಿ ಕೆರೆಕಟ್ಟೆ ಒಡೆಯುವಷ್ಟು ಸುರಿದರೂ ಅದು ಶಿಂಷಾ ಹೊಳೆಗೆ ಸೇರುವ ನೀರು, ಕನ್ನಂಬಾಡಿಗೆ ಒಂದು ಹನಿಯೂ ಬರುವುದಿಲ್ಲ.

ಮಳೆ ಸರಿಯಾದ ಜಾಗದಲ್ಲೇ ಬಿದ್ದರೂ ನೀರು ಕೂಡಲೇ ಬರಬೇಕೆಂದಿಲ್ಲ. ಹಾರಂಗಿ ಜಲಾಶಯ ಹಿಡಿಯುವುದು 8.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು), ಗೊರೂರಿನ ಹೇಮಾವತಿ ಜಲಾಶಯ 37.10 ಟಿಎಂಸಿ. ಇವು ತುಂಬುವವರೆಗೆ ಸಕಲೇಶಪುರದ ಮಳೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಮಳೆ ಪ್ರಮಾಣಕ್ಕಿಂತ ಈ ಎರಡು ಜಲಾಶಯಗಳ ಹೊರಹರಿವು ನೋಡುವುದು ಲೇಸು. ಭಾಗಮಂಡಲದ ಕಾವೇರಿಗೂ ಲಕ್ಷ್ಮಣತೀರ್ಥಕ್ಕೂ ಇಂಥ ದೊಡ್ಡ ಅಡ್ಡಿಯಿಲ್ಲ, ಅವು ಬೇಗ ಮುಟ್ಟುತ್ತವೆ.

ಪತ್ರಿಕೆಯಲ್ಲಿ ಬರುವ ಅಂಕಿಗಳನ್ನು ಹೀಗೆ ಓದಿ. ಒಳಹರಿವಿನಲ್ಲಿ ಹೊರಹರಿವು ಕಳೆಯಿರಿ. ಉಳಿದದ್ದು 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಆಗಿ 24 ಗಂಟೆ ನಿಂತರೆ 1 ಟಿಎಂಸಿ. ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ಹಾಗೆಂದು 100 ಅಡಿ ಆದರೆ ಮುಕ್ಕಾಲು ತುಂಬಿತೆಂದು ತಿಳಿಯಬೇಡಿ, ಅದು ಅರ್ಧಕ್ಕೂ ಕಡಿಮೆ. ತಳ ಕಿರಿದು, ಮೇಲೆ ಹರವು. ಕೆಳಗಿನ ಅಡಿಗಳು ಸರಸರನೆ ಏರುತ್ತವೆ, ಕೊನೆಯ ಅಡಿಗಳಿಗೆ ಒಂದೊಂದಕ್ಕೂ 1 ಟಿಎಂಸಿಗೂ ಹೆಚ್ಚು ನೀರು ಬೇಕು.

ಘಟ್ಟ ಕೈಕೊಡುವ ವರ್ಷವೂ ಇರುತ್ತದೆ. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದರೆ ಇಲ್ಲಿ ಗಾಳಿಯ ಜೋರು ಇಳಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದರೆ ಮತ್ತೆ ಬಲಗೊಳ್ಳುತ್ತದೆ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ, 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿತು. ವಿಶ್ವೇಶ್ವರಯ್ಯ ನಾಲೆಯ ರೈತರು ತಮ್ಮೂರಿಗೆ ಮೇ ತಿಂಗಳಲ್ಲಿ ಬಿದ್ದ ಹದ ಮಳೆ ನಂಬಿ ಒಟ್ಲು (ಭತ್ತದ ಸಸಿಮಡಿ) ಹಾಕಬಾರದು. ಕಟ್ಟೆಯ ಮಟ್ಟ, ಹೇಮಾವತಿಯ ಹೊರಹರಿವು ನೋಡಿ, ನಾಲೆಗೆ ನೀರು ಬಿಡುವ ದಿನ ಪ್ರಕಟವಾದ ಮೇಲೆ ಭತ್ತದ ಬೀಜ ನೆನೆಹಾಕಿ.