ಮಾಲ್ಕೇವಿಯನ್ನರ ಹುಚ್ಚು: ವರ ಕೊಟ್ಟವರು ಯಾರು?

‘ವ್ಯಾಂಪೈರ್: ದಿ ಮಾಸ್ಕ್ವೆರೇಡ್’ ಎಂಬ ಆಟ ಅಮೆರಿಕದಲ್ಲಿ 1991ರಲ್ಲಿ ಬಂತು. ಆಡುವವರು ಮೇಜಿನ ಸುತ್ತ ಕೂತು ರಕ್ತಪಿಶಾಚಿಗಳ ಪಾತ್ರ ಕಟ್ಟುವ ಆಟ. ಅದರಲ್ಲಿ ಹಲವು ಕುಲಗಳಿವೆ. ಮಾಲ್ಕೇವಿಯನ್ ಕುಲದವರಿಗೆಲ್ಲ ಹುಚ್ಚು. ರಕ್ತದ ಜೊತೆಗೇ ಅಂಟಿಕೊಂಡದ್ದು, ವಾಸಿಯಾಗುವಂಥದ್ದಲ್ಲ. ಆದರೆ ಬೇರೆಯವರಿಗೆ ಕಾಣದ ಸತ್ಯ ಅವರಿಗೆ ಕಾಣುತ್ತದೆ. ಇದು ಶಾಪವೋ ವರವೋ ಎಂದು ಆಟಗಾರರು ಕಿತ್ತಾಡುತ್ತಲೇ ಇದ್ದಾರೆ. ನನ್ನನ್ನು ಕೇಳಿದರೆ ಅದು ಕಥೆ ಬರೆದವನು ಕೊಟ್ಟ ವರ. ಬರೆದವನನ್ನು ಆಚೆ ಕಳಿಸಿ ನೋಡಿ, ಬರೀ ಕಾಯಿಲೆ ಉಳಿಯುತ್ತದೆ.

2004ರ ‘ಬ್ಲಡ್‌ಲೈನ್ಸ್’ ಕಂಪ್ಯೂಟರ್ ಆಟದಲ್ಲಿ ಇದರ ಗುಟ್ಟು ಬಯಲಾಗುತ್ತದೆ. ಮಾಲ್ಕೇವಿಯನ್ ಆಗಿ ಆಡಲು ಹೊರಟರೆ ನಿಮ್ಮ ಪಾತ್ರದ ಮಾತೆಲ್ಲ ಒಗಟು. ರಸ್ತೆ ಬದಿಯ ‘ಸ್ಟಾಪ್’ ಫಲಕದ ಜೊತೆ ಅದು ವಾದಕ್ಕೆ ನಿಲ್ಲುತ್ತದೆ! ಮೊದಲ ಸಲ ಎಲ್ಲ ಬಡಬಡಿಕೆ ಅನ್ನಿಸುತ್ತದೆ. ಕಥೆ ಮುಗಿಸಿ ಇನ್ನೊಮ್ಮೆ ಆಡಿದಾಗ ಬೆರಗು: ಸಾಂಟಾ ಮೋನಿಕಾದಲ್ಲಿ ನೈಟ್‌ಕ್ಲಬ್ ನಡೆಸುವ ಅಕ್ಕತಂಗಿಯರು ಒಂದೇ ದೇಹದ ಎರಡು ಮುಖ ಎಂಬ ಸುಳಿವನ್ನು ಆ ಬಡಬಡಿಕೆ ಆಗಲೇ ಕೊಟ್ಟಿರುತ್ತದೆ. ಬರೆದವರಿಗೆ ಕೊನೆ ಗೊತ್ತಿತ್ತು, ಅದನ್ನು ಹುಚ್ಚನ ಬಾಯಿಗೆ ಹಾಕಿದರು. ದಿವ್ಯದೃಷ್ಟಿ ಅಂದರೆ ಇಷ್ಟೇ.

ನಮ್ಮ ತಲೆಯೊಳಗೆ ಹಾಗೆ ಕೊನೆ ಬಲ್ಲವರು ಯಾರೂ ಕೂತಿಲ್ಲ. ಅಲ್ಲಿರುವುದು ಡೋಪಮೈನ್. ಅದನ್ನು ಸುಖದ ರಾಸಾಯನಿಕ ಎಂದು ಕರೆದು ಕರೆದು ಸಾಕಾಗಿದೆ. ಅದರ ದೊಡ್ಡ ಕೆಲಸ, ಕಂಡದ್ದರಲ್ಲಿ ಗಮನ ಕೊಡಬೇಕಾದ್ದು ಯಾವುದೆಂದು ಗುರುತು ಹಾಕುವುದು. ಪರೀಕ್ಷೆಗೆ ಓದುವ ಹುಡುಗ ಮುಖ್ಯ ಸಾಲಿಗೆ ಗೆರೆ ಎಳೆಯುತ್ತಾನಲ್ಲ, ಹಾಗೆ. ಆ ಪೆನ್ನು ಪುಟದ ಸಂಖ್ಯೆಗೆ, ಮಸಿಯ ಕಲೆಗೆ, ಕೊನೆಗೆ ಖಾಲಿ ಅಂಚಿಗೂ ಗೆರೆ ಎಳೆಯುತ್ತಾ ಹೋದರೆ? ಎದುರುಮನೆಯವನ ಕೆಮ್ಮು, ಬಸ್ಸಿನ ನಂಬರು, ಟಿ.ವಿ.ಯಲ್ಲಿ ವಾರ್ತೆ ಓದುವವಳ ಸೀರೆಯ ಬಣ್ಣ, ಎಲ್ಲವೂ ನಿಮಗೇ ಏನೋ ಹೇಳುತ್ತಿರುವಂತೆ ಅನ್ನಿಸತೊಡಗುತ್ತದೆ. ಈ ಸ್ಥಿತಿಯನ್ನು ಜರ್ಮನಿಯ ಮನೋವೈದ್ಯ ಕ್ಲಾಸ್ ಕಾನ್ರಾಡ್ 1958ರಲ್ಲೇ ವಿವರಿಸಿದ್ದ. ಭಾರತ ಮೂಲದ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಅದನ್ನು ಡೋಪಮೈನ್‌ಗೆ ಜೋಡಿಸಿ ಒಂದು ಸಿದ್ಧಾಂತ ಕಟ್ಟಿದರು: ಮೊದಲು ಬರುವುದು ಆ ಕಾರಣವಿಲ್ಲದ ಮಹತ್ವ, ಅದಕ್ಕೊಂದು ವಿವರಣೆ ಹುಡುಕುತ್ತಾ ಮನಸ್ಸು ಹೆಣೆಯುವ ಕಥೆಯೇ ಭ್ರಮೆ. ಡೋಪಮೈನ್ ಮಿದುಳಿನ ಕೋಶಗಳಿಗೆ ಅಂಟುವ ಜಾಗಗಳನ್ನು (ಗ್ರಾಹಕಗಳನ್ನು) ತಡೆಯುವ ಮಾತ್ರೆ ಹೊಸ ಗೆರೆಗಳನ್ನು ತಗ್ಗಿಸುತ್ತದೆ. ಹೆಣೆದಾಗಿರುವ ಕಥೆ ಮಾತ್ರ ನಿಧಾನವಾಗಿ ಸಡಿಲವಾಗಬೇಕು.

ಕಥೆಗೆ ಬೇಕಾದ ಸಾಮಾನು ಸುತ್ತಮುತ್ತಲಿಂದ ಬರುತ್ತದೆ. ಒಬ್ಬನಿಗೆ ದಾಯಾದಿ ಮಾಡಿಸಿದ ಮಾಟ, ಇನ್ನೊಬ್ಬನಿಗೆ ಹಲ್ಲಿನೊಳಗೆ ಕೂರಿಸಿದ ಎಲೆಕ್ಟ್ರಾನಿಕ್ ಚಿಪ್. ಮಂತ್ರವಾದಿಯ ಹತ್ತಿರ ಕರೆದೊಯ್ದರೆ ಅವನು ಆ ಮಾಟ ನಿಜವೆಂದೇ ಮೊಹರು ಒತ್ತಿ ಕಳಿಸುತ್ತಾನೆ, ದುಡ್ಡೂ ಕೀಳುತ್ತಾನೆ.

ಈ ಮಾಲ್ಕೇವಿಯನ್ನರಿಗಿಂತ ಮೊದಲೇ ಒಬ್ಬ ಹುಚ್ಚನಿದ್ದ: ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದ (1897) ರೆನ್‌ಫೀಲ್ಡ್. ಸ್ಟೋಕರನ ಅಣ್ಣ ಥಾರ್ನ್ಲಿ ಡಬ್ಲಿನ್‌ನಲ್ಲಿ ಶಸ್ತ್ರವೈದ್ಯ. ತಲೆಗೆ ಪೆಟ್ಟಾದರೆ ಏನಾಗುತ್ತದೆಂದು ತಮ್ಮನಿಗೆ ಬರೆದುಕೊಟ್ಟ ಟಿಪ್ಪಣಿ ರೆನ್‌ಫೀಲ್ಡ್ ಸಾಯುವ ದೃಶ್ಯಕ್ಕೆ ಒದಗಿತು. ಹುಚ್ಚಾಸ್ಪತ್ರೆಯಲ್ಲಿರುವ ರೆನ್‌ಫೀಲ್ಡ್ ನೊಣಗಳನ್ನು ಜೇಡಕ್ಕೆ, ಜೇಡಗಳನ್ನು ಗುಬ್ಬಿಗೆ ತಿನ್ನಿಸುತ್ತಾನೆ, ಪುಸ್ತಕದಲ್ಲಿ ಲೆಕ್ಕ ಕೂಡಿಸುತ್ತಾನೆ. ಬೆಕ್ಕಿನ ಮರಿ ಕೊಡದಿದ್ದಾಗ ಗುಬ್ಬಿಗಳನ್ನು ಹಸಿಹಸಿಯಾಗಿ ತಾನೇ ತಿನ್ನುತ್ತಾನೆ. ತನ್ನ ಒಡೆಯ ಡ್ರಾಕುಲಾ ಬರುವುದು ಅವನಿಗೆ ಮೊದಲೇ ತಿಳಿಯುತ್ತದೆ. ಅದು ಮತ್ತೆ ಸ್ಟೋಕರನ ಕೊಡುಗೆ. ಶಾಪ ಇರುವುದು ಬೇರೆ ಕಡೆ. ಒಂದು ರಾತ್ರಿ ಅವನು ಸಭ್ಯನಾಗಿ, ತರ್ಕಬದ್ಧವಾಗಿ, ಈಗಲೇ ಇಲ್ಲಿಂದ ಕಳಿಸಿಬಿಡಿ ಎಂದು ಬೇಡಿಕೊಳ್ಳುತ್ತಾನೆ. ಕಾರಣ ಮಾತ್ರ ಬಾಯಿಬಿಡಲಾರ. ಆಸ್ಪತ್ರೆ ನಡೆಸುವ ಡಾಕ್ಟರ್ ಸೀವರ್ಡ್ ಇದೂ ಹುಚ್ಚಿನದೇ ಒಂದು ಬಗೆ ಎಂದುಕೊಳ್ಳುತ್ತಾನೆ. ಆಮೇಲೆ ಅದೇ ಕಟ್ಟಡದಲ್ಲಿ ಡ್ರಾಕುಲಾ ಕಾದಂಬರಿಯ ನಾಯಕಿ ಮೀನಾಳ ರಕ್ತ ಹೀರುತ್ತಾನೆ.

ರೋಗಿಯ ಮಾತನ್ನು ಹುಚ್ಚೆಂದು ತಳ್ಳಿಹಾಕುವ ಕಥೆಯ ಈ ಭಾಗವಂತೂ ಆಸ್ಪತ್ರೆಗಳಲ್ಲಿ ಈಗಲೂ ನಡೆಯುತ್ತದೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಬೇಗ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಿನವು ತಡೆಯಬಹುದಾದ ದೈಹಿಕ ರೋಗಗಳಿಂದಾಗುವ ಸಾವು. ಅವರು ಎದೆನೋವು ಎಂದಾಗ ‘ಅದು ಮನಸ್ಸಿಂದು, ಮಾತ್ರೆ ಸರಿಯಾಗಿ ತಗೊಳ್ಳಿ’ ಎಂದು ವಾಪಸ್ ಕಳಿಸುವುದೂ ಅದಕ್ಕೊಂದು ಕಾರಣ.