ಎಂಟು ವಾರದ ಮರಿಗೆ ಈಗಲೇ ಟ್ರೈನಿಂಗಾ?

ಪ್ರಶ್ನೆ: 8 ವಾರದ ಬೆಲ್ಜಿಯನ್ ಮ್ಯಾಲಿನ್ವಾ ಮರಿ ತಂದಿದ್ದೇನೆ. ಮುಂದೆ ಐಜಿಪಿ (ವಾಸನೆ ಹಿಡಿದು ಹೋಗುವುದು, ಹೇಳಿದ ಮಾತು ಕೇಳುವುದು, ಕಚ್ಚಿ ಹಿಡಿಯುವುದು, ಈ ಮೂರನ್ನೂ ಪರೀಕ್ಷಿಸುವ ನಾಯಿಗಳ ಸ್ಪರ್ಧೆ) ಆಡಿಸುವ ಆಸೆ ಇದೆ. ಆರು ತಿಂಗಳ ತನಕ ಏನೂ ಕಲಿಸಬೇಡಿ ಅಂತಾರೆ, ನಿಜಾನಾ?

ಉತ್ತರ: ಇಲ್ಲ. ಚೈನ್ ಜಗ್ಗಿ ಜಗ್ಗಿ ಕಲಿಸುತ್ತಿದ್ದ ಕಾಲದ ಮಾತದು. ಆ ಏಟನ್ನು ಮರಿಯ ಕುತ್ತಿಗೆ ತಡೆಯುವುದಿಲ್ಲ, ಅದಕ್ಕೇ ಕಾಯುತ್ತಿದ್ದರು. ಊಟ ಮತ್ತು ಆಟದಿಂದ ಕಲಿಸುವುದಾದರೆ ಇವತ್ತೇ ಶುರು ಮಾಡಬಹುದು.

ಊಟವನ್ನು ಸುಮ್ನೆ ಬಟ್ಟಲಿಗೆ ಸುರಿಯಬೇಡಿ. ಒಂದು ಹಿಡಿ ಮುಷ್ಟಿಯಲ್ಲಿಟ್ಟು ಮೂಗಿನ ಮುಂದೆ ಹಿಡಿಯಿರಿ. ಮರಿ ನೆಕ್ಕುತ್ತದೆ, ಕೆರೆಯುತ್ತದೆ, ಆಮೇಲೆ ಮೂಗಿನಿಂದ ಜೋರಾಗಿ ತಳ್ಳುತ್ತದೆ. ತಳ್ಳಿದ ಕೂಡಲೇ 'ಯೆಸ್' ಅನ್ನಿ, ಆಮೇಲೆ ಮುಷ್ಟಿ ಬಿಚ್ಚಿ. ಮೊದಲು ಮಾತು, ನಂತರ ಕೈ. ಎರಡೂ ಒಟ್ಟಿಗೆ ಆದರೆ ಮರಿ ಕೈಯನ್ನೇ ನೋಡುತ್ತದೆ, ಮಾತು ಅದರ ಕಿವಿಗೇ ಬೀಳುವುದಿಲ್ಲ. ಎರಡು ಮೂರು ನಿಮಿಷ ಸಾಕು, ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಹಿತ್ತಲಲ್ಲಿ ಹುಲ್ಲಿದ್ದರೆ ಅಲ್ಲಿ ನಡೆದು, ಒಂದೊಂದು ಹೆಜ್ಜೆಗುರುತಿನಲ್ಲಿ ಒಂದೊಂದು ತುಂಡು ಬಿಡಿ. ಮೂಸಿಕೊಂಡೇ ಊಟ ಮುಗಿಸಲಿ. ಟ್ರ್ಯಾಕಿಂಗ್, ಅಂದರೆ ವಾಸನೆ ಹಿಡಿದು ಹೆಜ್ಜೆಯ ಜಾಡಿನಲ್ಲಿ ಹೋಗುವುದು, ಶುರುವಾಗುವುದೇ ಹೀಗೆ.

ಇನ್ನು ಕಚ್ಚಾಟ. ಹಳೇ ಗೋಣಿಚೀಲ ಕತ್ತರಿಸಿ, ಸುತ್ತಿ, ಹೊಲಿದುಕೊಳ್ಳಿ. ಅದನ್ನು ಮುಖಕ್ಕೆ ತುರುಕಬೇಡಿ. ಇಲಿ ಓಡುವ ಹಾಗೆ ನೆಲದ ಮೇಲೆ ಮರಿಯಿಂದ ದೂರಕ್ಕೆ ಎಳೆಯಿರಿ. ಬಾಯಿ ತುಂಬ ಕಚ್ಚಿ ಹಿಡಿದಾಗ ಬಿಟ್ಟುಕೊಡಿ, ಗೆದ್ದು ಹೊತ್ತುಕೊಂಡು ತಿರುಗಲಿ. ಇಡೀ ದಿನ ಕೈ ಕಚ್ಚಿತು ಅಂತ ಮೂತಿಗೆ ಹೊಡೆದು, ದೊಡ್ಡದಾದ ಮೇಲೆ 'ಟ್ರೈನರ್ ತೋಳಿಗೆ ಕಟ್ಟಿದ ಪ್ಯಾಡ್ ಕಚ್ಚಿ ಹಿಡಿಯೋಕೆ ಧೈರ್ಯವೇ ಇಲ್ಲ ಸಾರ್' ಅಂತ ಬರುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಹೊಡೆಯುವ ಬದಲು ಬಾಯಿಗೆ ಗೋಣಿ ಕೊಡಿ. ಸುಮಾರು 4 ತಿಂಗಳಿಗೆ ಹಾಲುಹಲ್ಲು ಬೀಳುತ್ತವೆ, ಒಸಡು ನೋಯುತ್ತದೆ, ಆಗ ಜಗ್ಗಾಟ ಬಿಡಿ.

ಹೊರಗಿನ ಪರಿಚಯಕ್ಕೆ ಮಾತ್ರ ಟೈಮ್ ಕಮ್ಮಿ. 3ರಿಂದ 14 ವಾರದೊಳಗೆ ಕಂಡಿದ್ದು, ಕೇಳಿದ್ದು ಮನಸ್ಸಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಇಂಜೆಕ್ಷನ್‌ಗಳು ಮುಗಿಯುವುದು 16 ವಾರದ ಹೊತ್ತಿಗೆ, ಬೀದಿಯಲ್ಲಿ ಪಾರ್ವೋ ಅನ್ನುವ, ಮರಿಗಳ ಜೀವ ತೆಗೆಯಬಲ್ಲ ವೈರಸ್ ರೋಗದ ಭಯ. ಹಾಗಾಗಿ ಎತ್ತಿಕೊಂಡೇ ಹೋಗಿ. ಅಂಗಡಿ ಶಟರ್ ಎಳೆಯುವ ಸದ್ದು, ಬಸ್ಸಿನ ಹಾರ್ನ್, ಹೆಲ್ಮೆಟ್ ಹಾಕಿದ ಜನ, ಎಲ್ಲ ನೋಡಲಿ. ಕಂಡವರೆಲ್ಲ ಮುದ್ದು ಮಾಡಬೇಕಂತಿಲ್ಲ. ಮನೆಯ ನುಣುಪು ಟೈಲ್ಸ್ ಮೇಲೆ ಆಡಿಸುವುದೂ ಬೇಡ, ಜಾರಿ ಬಿದ್ದ ಮರಿಗೆ ಆಮೇಲೆ ಎಲ್ಲ ನೆಲದ ಮೇಲೂ ಅನುಮಾನ.

ಜಿಗಿಸುವುದು, ಬೈಕಿನ ಹಿಂದೆ ಓಡಿಸುವುದು ಈಗ ಬೇಡವೇ ಬೇಡ. ಮೂಳೆಯ ತುದಿಗಳು ಗಟ್ಟಿಯಾಗಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಐಜಿಪಿಯ ಮೊದಲ ಹಂತಕ್ಕೇ ನಾಯಿಗೆ 18 ತಿಂಗಳಾಗಿರಬೇಕು, ಆತುರ ಯಾಕೆ?

ಹಾಂ, ಸಂಜೆ ಹುಚ್ಚು ಹಿಡಿದ ಹಾಗೆ ಪ್ಯಾಂಟ್ ಕಚ್ಚಿ ಜಗ್ಗಿದರೆ 'ಇನ್ನೂ ಆಡಿಸಬೇಕೇನೋ' ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ನಿದ್ದೆಗೆಟ್ಟ ಮಗುವಿನ ಹಟದ ಥರ. ಉಚ್ಚೆ ಮಾಡಿಸಿ, ಕ್ರೇಟ್ (ನಾಯಿ ಮಲಗುವ ಗೂಡು) ಒಳಗೆ ಬಿಟ್ಟು, ಮೇಲೊಂದು ಬೆಡ್‌ಶೀಟ್ ಹೊದಿಸಿ. ಸ್ವಲ್ಪ ಹೊತ್ತು ಕುಂಯ್‌ಗುಡುತ್ತದೆ, ಆಮೇಲೆ ಗೊರಕೆ ಕೇಳುತ್ತದೆ.