ಹೆರಿಟಬಿಲಿಟಿ: ಗುಣದಲ್ಲಿ ರಕ್ತದ ಪಾಲೆಷ್ಟು ಎಂದು ಕೇಳುವ ಮುನ್ನ

"ಅವರಪ್ಪನೂ ಹಿಂಗೇ ಇದ್ದ ಸಾರ್, ಆ ಮನೆಯವರಿಗೆ ವಿದ್ಯೆ ಹತ್ತಲ್ಲ." ಹಾಸನದ ಸುತ್ತಮುತ್ತ ಪೋಷಕರ ಸಭೆಗೆ ಹೋಗುವವರಿಗೆ ಈ ಮಾತು ಹೊಸದಲ್ಲ. ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಮಗು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ. ಈಗ ಈ ಮಾತಿಗೆ ವಿಜ್ಞಾನದ ಸಾಕ್ಷಿಯೂ ಸಿಕ್ಕಿದೆ ಎಂದು ಕೆಲವರು ನಂಬಿದ್ದಾರೆ. ಬುದ್ಧಿ, ಕೋಪ, ಕುಡಿತದ ಚಟ, ಎಲ್ಲಕ್ಕೂ "ಇಷ್ಟು ಶೇಕಡಾ ಜೀನ್‌ನಿಂದ" ಎಂಬ ಲೆಕ್ಕ ಮೊಬೈಲ್‌ನಲ್ಲಿ ಓಡಾಡುತ್ತದೆ. ಆ ಶೇಕಡಾ ಲೆಕ್ಕದ ಹೆಸರೇ ಹೆರಿಟಬಿಲಿಟಿ.

ಒಂದು ಗುಂಪಿನ ಜನರನ್ನು ನೋಡಿದರೆ ಯಾವುದೇ ಗುಣ ಒಬ್ಬರಲ್ಲಿ ಜಾಸ್ತಿ, ಇನ್ನೊಬ್ಬರಲ್ಲಿ ಕಡಿಮೆ. ಈ ಏರುಪೇರಿನಲ್ಲಿ ಎಷ್ಟು ಪಾಲು ಅವರ ಜೀನ್‌ಗಳಲ್ಲಿರುವ ವ್ಯತ್ಯಾಸದಿಂದ ಬಂದದ್ದು? ಹೆರಿಟಬಿಲಿಟಿ ಉತ್ತರ ಕೊಡುವುದು ಈ ಪ್ರಶ್ನೆಗೆ ಮಾತ್ರ. ಅದು ಗುಂಪಿನ ಲೆಕ್ಕ, ಒಬ್ಬನ ಲೆಕ್ಕ ಅಲ್ಲ. ಒಬ್ಬ ಹುಡುಗನ ಕೋಪದಲ್ಲಿ ಅರ್ಧ ಅಪ್ಪನದ್ದು, ಉಳಿದರ್ಧ ಬೆಳೆದ ಬೀದಿಯದ್ದು ಎಂದು ಭಾಗ ಮಾಡಲು ಬರುವುದಿಲ್ಲ.

ನಮ್ಮ ಆಲೂಗಡ್ಡೆ ಹೊಲವನ್ನೇ ನೋಡಿ. ಹಾಸನದ ರೈತರು ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆ ತಂದು ನೆಡುತ್ತಾರೆ. ಗಡ್ಡೆಯಿಂದಲೇ ಬೆಳೆಯುವುದರಿಂದ ಹೊಲದ ಗಿಡಗಳೆಲ್ಲ ಹೆಚ್ಚು ಕಡಿಮೆ ಒಂದೇ ಜೀನ್ ಹೊತ್ತವು. ಆದರೂ ಒಂದು ಗಿಡದ ಬುಡದಲ್ಲಿ ದಪ್ಪ ಗಡ್ಡೆ, ಇನ್ನೊಂದರಲ್ಲಿ ಗೋಲಿಯಂಥವು. ಆ ವ್ಯತ್ಯಾಸ ಬಂದದ್ದು ನೀರು ನಿಂತದ್ದರಿಂದ, ಗೊಬ್ಬರ ಬಿದ್ದದ್ದರಿಂದ, ಅಂಗಮಾರಿ ತಗುಲಿದ್ದರಿಂದ. ಆ ಹೊಲದಲ್ಲಿ ಇಳುವರಿಯ ಹೆರಿಟಬಿಲಿಟಿ ಸೊನ್ನೆ. ಹಾಗಂತ ಇಳುವರಿಗೂ ಜೀನ್‌ಗೂ ಸಂಬಂಧವಿಲ್ಲ ಎನ್ನಲಾದೀತೇ? ಈಗ ಹತ್ತಾರು ತಳಿಯ ಗಡ್ಡೆ ಬೆರೆಸಿ, ಪ್ರತಿ ಗಿಡಕ್ಕೂ ಒಂದೇ ಅಳತೆಯ ನೀರು, ಗೊಬ್ಬರ ಕೊಟ್ಟು ಬೆಳೆಸಿದ್ದೀರಿ ಅಂದುಕೊಳ್ಳಿ. ಆಗ ಕಾಣುವ ವ್ಯತ್ಯಾಸ ಬಹುಪಾಲು ತಳಿಯದ್ದೇ, ಹೆರಿಟಬಿಲಿಟಿ ನೂರರ ಹತ್ತಿರ. ಬೆಳೆ ಅದೇ, ಗುಣ ಅದೇ. ಸಂಖ್ಯೆ ಮಾತ್ರ ಸೊನ್ನೆಯಿಂದ ನೂರಕ್ಕೆ ಹೋಯಿತು.

ಮನುಷ್ಯರನ್ನು ಹೀಗೆ ಬಿತ್ತಿ ನೋಡುವ ಹಾಗಿಲ್ಲ. ಅದಕ್ಕೇ ಸಂಶೋಧಕರು ಅವಳಿಗಳ ಮೊರೆ ಹೋದರು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳ ಜೀನ್‌ಗಳು ಬಹುತೇಕ ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಬೇರೆ ಅಣ್ಣತಮ್ಮಂದಿರಂತೆ, ಜನರ ನಡುವೆ ವ್ಯತ್ಯಾಸವಿರುವ ಜೀನ್‌ಗಳಲ್ಲಿ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡಿರುತ್ತಾರೆ. ಇಬ್ಬಗೆಯವರೂ ಒಂದೇ ಮನೆಯಲ್ಲಿ, ಒಂದೇ ವಯಸ್ಸಿನಲ್ಲಿ ಬೆಳೆಯುತ್ತಾರೆ. ಎರಡು ಅಂಡದ ಅವಳಿಗಳಿಗಿಂತ ತದ್ರೂಪಿಗಳ ನಡುವಿನ ಹೋಲಿಕೆ ಎಷ್ಟು ಜಾಸ್ತಿ ಇದೆಯೋ ಅದರಿಂದ ಜೀನ್‌ನ ಪಾಲನ್ನು ಅಂದಾಜು ಮಾಡುತ್ತಾರೆ. ಇಂಥ ಐವತ್ತು ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವರದಿಯೊಂದು 2015ರಲ್ಲಿ ಬಂತು. 2,748 ಪ್ರಬಂಧಗಳು, 17,804 ಗುಣಗಳು. ಸರಾಸರಿ ಹೆರಿಟಬಿಲಿಟಿ ಶೇ. 49. "ಅರ್ಧ ಜೀನ್" ಎಂಬ ಮಾತು ಗಟ್ಟಿಯಾಗಲು ಇಂಥ ಸಂಖ್ಯೆಗಳೇ ಕಾರಣ. ನಡವಳಿಕೆಯಲ್ಲಿ ಜೀನ್‌ಗಳ ಪಾತ್ರ ನಿಜ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಅದು ಒಂದೇ ಒಂದು "ಕೋಪದ ಜೀನ್" ಅಲ್ಲ. ಸಾವಿರಾರು ಕಡೆ ಇರುವ ಸಣ್ಣಸಣ್ಣ ವ್ಯತ್ಯಾಸಗಳ ಒಟ್ಟು ಪರಿಣಾಮ.

ಈ ಅಂದಾಜು ಎಲ್ಲರಿಗೂ ಒಂದೇ ಅಲ್ಲ. 2003ರಲ್ಲಿ ಅಮೆರಿಕದ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಏಳು ವರ್ಷದ ಅವಳಿ ಮಕ್ಕಳ ಐಕ್ಯೂ ಪರಿಶೀಲಿಸಿದರು. ಅನುಕೂಲಸ್ಥರ ಮನೆಗಳಲ್ಲಿ ಹೆರಿಟಬಿಲಿಟಿ ಹೆಚ್ಚಿತ್ತು, ತೀರಾ ಬಡವರ ಮನೆಗಳಲ್ಲಿ ಸೊನ್ನೆಯ ಹತ್ತಿರ ಬಂತು. ಯುರೋಪ್ ಮತ್ತು ಆಸ್ಟ್ರೇಲಿಯಾದ ನಂತರದ ಅಧ್ಯಯನಗಳಲ್ಲಿ ಈ ಅಂತರ ಹೀಗೆ ಕಾಣಲಿಲ್ಲ. ಅಲ್ಲಿ ಬಡವರಿಗೂ ಶಾಲೆ, ಆಸ್ಪತ್ರೆ ಚೆನ್ನಾಗಿ ಸಿಗುತ್ತದೆ, ಅದೇ ಕಾರಣ ಇರಬಹುದು ಎಂಬ ವಾದವಿದೆ. ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ಸಕಲೇಶಪುರದ ತೋಟದ ಲೈನ್ ಮನೆಯ ಮಗು ಓದಲು ಕೂರಲು ಜಾಗವಿಲ್ಲದೆ ಹಿಂದುಳಿದಾಗ, ಅದರ ಜೀನ್ ಬಗ್ಗೆ ಆ ಮಾರ್ಕ್ಸ್ ಕಾರ್ಡ್ ಏನನ್ನೂ ಹೇಳುತ್ತಿಲ್ಲ.

ಇನ್ನೊಂದು ತೊಡಕೂ ಇದೆ. ಜೀನ್ ಮತ್ತು ಪರಿಸರ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಪುಸ್ತಕ ಇಷ್ಟಪಡುವ ಮಗುವಿಗೆ ಮನೆಯವರು ಇನ್ನಷ್ಟು ಪುಸ್ತಕ ತಂದುಕೊಡುತ್ತಾರೆ. ಹಠ ಮಾಡುವ ಮಗುವಿಗೆ ಜಾಸ್ತಿ ಬೈಗುಳ ಬೀಳುತ್ತದೆ, ಅದರಿಂದ ಹಠ ಇನ್ನೂ ಬೆಳೆಯುತ್ತದೆ. ಇದರಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು?

ಕುಡಿತದ ವಿಚಾರದಲ್ಲಿ ಜಪಾನಿನ ಉದಾಹರಣೆ ಕಣ್ಣು ತೆರೆಸುವಂಥದ್ದು. ಪೂರ್ವ ಏಷ್ಯಾದ ಅನೇಕರಲ್ಲಿ ಎಎಲ್‌ಡಿಎಚ್2 ಎಂಬ ಜೀನ್‌ನ ಬೇರೊಂದು ರೂಪವಿದೆ. ಅದಿದ್ದವರು ಸ್ವಲ್ಪ ಕುಡಿದರೂ ಮುಖ ಕೆಂಪಾಗುತ್ತದೆ, ಹೊಟ್ಟೆ ತೊಳಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಇವರು ಚಟಕ್ಕೆ ಬೀಳುವುದು ಕಡಿಮೆ. ಜಪಾನಿನಲ್ಲಿ ಮದ್ಯದ ಚಟಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಈ ರೂಪವನ್ನು ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಪಡೆದವರು 1979ರಲ್ಲಿ ಶೇ. 2.5 ಮಾತ್ರ ಇದ್ದರು. 1986ಕ್ಕೆ ಅದು ಶೇ. 8, 1992ಕ್ಕೆ ಶೇ. 13 ಆಯಿತು. ಹದಿಮೂರು ವರ್ಷದಲ್ಲಿ ಒಂದು ದೇಶದ ಜನರ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಕುಡಿತದ ವಾತಾವರಣ.

ಜೀನ್‌ನಿಂದ ಬಂದದ್ದಕ್ಕೆ ಮದ್ದಿಲ್ಲ ಎಂಬ ನಂಬಿಕೆಯಂತೂ ಪೂರ್ತಿ ತಪ್ಪು. ಪಿಕೆಯು, ಅಂದರೆ ಫಿನೈಲ್‌ಕೀಟೋನ್ಯೂರಿಯಾ, ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಆಗುವ ಕಾಯಿಲೆ. ಪ್ರೋಟೀನ್‌ನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶವನ್ನು ದೇಹ ಅರಗಿಸಲಾರದೆ, ಅದು ರಕ್ತದಲ್ಲಿ ಸೇರಿಕೊಂಡು ಮಿದುಳನ್ನು ಕೆಡಿಸುತ್ತದೆ. ಬುದ್ಧಿ ಬೆಳೆಯುವುದಿಲ್ಲ, ಫಿಟ್ಸ್ ಬರುತ್ತದೆ, ನಡವಳಿಕೆ ಹದ ತಪ್ಪುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಆಸ್ಬಿಯಾರ್ನ್ ಫೋಲಿಂಗ್ ಇದನ್ನು ಗುರುತಿಸಿದರು. ಇಪ್ಪತ್ತು ವರ್ಷದೊಳಗೆ ಇದಕ್ಕೆ ದಾರಿಯೂ ಸಿಕ್ಕಿತು: ಆ ಅಂಶ ಕಡಿಮೆ ಇರುವ ಆಹಾರ. ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಶುರುವಾದರೆ ಆ ಮಕ್ಕಳು ಉಳಿದವರಂತೆಯೇ ಓದಿ ಬೆಳೆಯುತ್ತಾರೆ. ಪಥ್ಯವನ್ನು ಜೀವನವಿಡೀ ಬಿಡಬಾರದು, ಅಷ್ಟೇ. ಜೀನ್ ಮಾತ್ರ ಹೇಗಿತ್ತೋ ಹಾಗೇ ಇರುತ್ತದೆ.

1960ರ ದಶಕದಿಂದ ಪಿಕೆಯು ಕಾಯಿಲೆಯನ್ನು ಮಗುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲೇ ಪತ್ತೆ ಮಾಡಬಹುದು. ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಇಬ್ಬರಿಂದಲೂ ದೋಷ ಸೇರಿ ಬರುವ ಇಂಥ ಕಾಯಿಲೆಗಳ ಸಾಧ್ಯತೆ ಅಲ್ಲಿ ಹೆಚ್ಚು. ಮಗು ಹುಟ್ಟಿದ ಮೊದಲ ವಾರದಲ್ಲೇ ನ್ಯೂಬಾರ್ನ್ ಸ್ಕ್ರೀನಿಂಗ್ ಎಂಬ ಈ ಪರೀಕ್ಷೆಯ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ.